ನಾಲ್ಕು ಜೊತೆ ಶೂ, ಒಂದು ಬೆಲ್ಟು

ಸಿರುಗುಪ್ಪದ ಬೀಜ-ಗೊಬ್ಬರದ ವ್ಯಾಪಾರಿ ಮರಿಬಸಪ್ಪನವರು ಎಪ್ಪತ್ತೇಳನೆಯ ಇಸವಿಯಲ್ಲಿ ಕಾರು ಕೊಂಡರು. ಯಾಕೆ ಕೊಂಡರೆಂದು ಊರಿನಲ್ಲಿ ಯಾರಿಗೂ ತಿಳಿಯಲಿಲ್ಲ. ಅವರ ಮನೆಯಿಂದ ಅಂಗಡಿಗೆ ಇದ್ದ ದೂರ ನೂರಾ ಎಂಬತ್ತು ಹೆಜ್ಜೆ. ಕಾರು ಆ ಓಣಿಯಲ್ಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ಊರೆಲ್ಲ ಸುತ್ತಿಕೊಂಡು ಮುಕ್ಕಾಲು ಮೈಲಿ ಹೋಗಬೇಕಾಗುತ್ತಿತ್ತು. ಆದರೂ ದಿನಾಲೂ ಕಾರಿನಲ್ಲೇ ಹೋದರು.

ಅದು ಬಳ್ಳಾರಿಯ ಒಬ್ಬ ಕಂಟ್ರಾಕ್ಟರರು ಹನ್ನೆರಡು ವರ್ಷ ಓಡಿಸಿ, ಕೊನೆಯ ಐದು ವರ್ಷ ಬೇವಿನ ಗಿಡದ ಕೆಳಗೆ ನಿಲ್ಲಿಸಿ ಮರೆತಿದ್ದ ಕರೀ ಅಂಬಾಸಿಡರ್. ಮರಿಬಸಪ್ಪನವರು ಹೈಸ್ಕೂಲಿನ ಮೈದಾನದಲ್ಲಿ ಒಂದು ವಾರ ಅದನ್ನು ಓಡಿಸಿ ಕಲಿತರು. ಓಡಿಸುವುದು ಬೇಗ ಬಂತು. ನಿಲ್ಲಿಸುವುದಕ್ಕೆ ಮಾತ್ರ ಅವರದೇ ಒಂದು ಪದ್ಧತಿ ಇತ್ತು. ಅಂಗಡಿ ಇನ್ನೂ ಅರ್ಧ ಫರ್ಲಾಂಗು ಇರುವಾಗಲೇ ಎಕ್ಸಿಲರೇಟರಿನಿಂದ ಕಾಲು ತೆಗೆದು ಬ್ರೇಕಿನ ಮೇಲೆ ನಿಂತುಬಿಡುವುದು. ಕಾರು ತನ್ನ ಮನಸ್ಸಿಗೆ ಬಂದ ಹಾಗೆ ತೆವಳಿಕೊಂಡು ಹೋಗಿ, ಅಂಗಡಿಯ ಮುಂದೆ ಅದಕ್ಕೆಂದೇ ಒಟ್ಟಿದ್ದ ಹೊಟ್ಟಿನ ಚೀಲಗಳಿಗೆ ಮೂತಿ ಒರಗಿಸಿ ನಿಲ್ಲುವುದು. ಎಲ್ಲ ಕಾರುಗಳೂ ಹೀಗೇ ನಿಲ್ಲುತ್ತವೆ ಎಂದು ಅವರ ನಂಬಿಕೆ. "ಎತ್ತಾದ್ರೂ ಹಗ್ಗ ಜಗ್ಗಿದ ಕೂಡ್ಲೆ ನಿಲ್ತಾವೇನು? ನಾಕು ಹೆಜ್ಜಿ ಹಾಕೇ ನಿಲ್ತಾವು" ಎನ್ನುತ್ತಿದ್ದರು. ಪಕ್ಕದ ಮನೆಯ ಹಿಟ್ಟಿನ ಗಿರಣಿಯ ವೆಂಕಣ್ಣ ಆ ಕಾರಿನ ಮುಂದಿನ ಸೀಟಿನ ಕಾಯಂ ಸದಸ್ಯ. ಅವನೂ "ಖರೆ ಐತಿ" ಎನ್ನುತ್ತಿದ್ದ.

ಹೀಗಿರಲಾಗಿ ಮಾಘ ಮಾಸದಲ್ಲಿ ಒಂದು ದಿನ ಹಾರನ್ನು ನಿಂತುಹೋಯಿತು. ಬ್ರೇಕಿಲ್ಲದೆ ಎಂಟು ತಿಂಗಳು ನಡೆಸಿದ ಮನುಷ್ಯ ಹಾರನ್ನಿಲ್ಲದೆ ಒಂದು ದಿನ ನಡೆಸಲಾರದೆ ಹೋದರು. ಮರುದಿನವೇ ಬಳ್ಳಾರಿಗೆ ಹೋಗಿ, ಹುಲುಗಪ್ಪ ಮೇಸ್ತ್ರಿಯ ಗ್ಯಾರೇಜಿನ ಮುಂದೆ, ಅಲ್ಲಿದ್ದ ಮಣ್ಣಿನ ದಿಬ್ಬಕ್ಕೆ ಒರಗಿಸಿ ಕಾರು ನಿಲ್ಲಿಸಿದರು.

ಹುಲುಗಪ್ಪ ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಕಾರಿನ ಸುತ್ತ ಒಂದು ಸುತ್ತು ಬಂದ. ಕೆಳಗೆ ಮಲಗಿ ನೋಡಿದ. ಎದ್ದು ಬಂದಾಗ ಅವನ ಮುಖ ಸತ್ತವರ ಮನೆಗೆ ಹೋಗಿ ಬಂದವರ ಹಾಗಿತ್ತು.

"ಸಾವ್ಕಾರ್ರ, ಹಾರನ್ ಇರ್ಲಿ. ಗಾಡಿ ಮೂರು ದಿನ ಬಿಡ್ರಿ. ಪೂರಾ ಸರ್ವೀಸ್ ಮಾಡಬೇಕು. ಖರ್ಚು ಎಷ್ಟು ಬರ್ತೈತಿ ಅಂತ ಮೊದ್ಲ ಕುಂತು ಮಾತಾಡೋಣು."

ಮರಿಬಸಪ್ಪನವರು ಕುಳಿತು ಮಾತನಾಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಗ್ಯಾರೇಜಿನ ಬೆಂಚಿನ ಮೇಲೆ ಆಗಲೇ ಮೂವರು ಕಾರಿನ ಮಾಲೀಕರು ಕುಳಿತಿದ್ದರು. ಅವರಲ್ಲೊಬ್ಬರ ಬೆರಳಿನಲ್ಲಿ ಪಚ್ಚೆಯ ಉಂಗುರವಿತ್ತು.

"ಖರ್ಚು ಕೇಳೋ ಮಂದಿ ಅಲ್ಲಪ ನಾವು," ಎಂದರು ಮರಿಬಸಪ್ಪನವರು, ಬೆಂಚಿಗೆ ಕೇಳುವ ಹಾಗೆ. "ಏನೇನು ಬೇಕೋ ಎಲ್ಲಾ ಮಾಡು."

ಮೂರನೆಯ ದಿನ ಹುಲುಗಪ್ಪ ಒಂದು ಲಕೋಟೆಯಲ್ಲಿ ಬಿಲ್ಲು ಕೊಟ್ಟ. ಅದರಲ್ಲೇ ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆಯನ್ನೂ ಇಟ್ಟಿದ್ದ. "ಮಗನ ಮದುವಿ ಐತ್ರಿ, ಕುರುಗೋಡಾಗ. ತಪ್ಪಿಸಬಾರ್ದು. ಗಾಡಿ ತಗಂಡು ಬರ್ರಿ, ಮದುಮಕ್ಳನ್ನ ನಿಮ್ಮ ಗಾಡ್ಯಾಗ ಕರ್ಕಂಡು ಬರಬೇಕಂತ ನನ್ನ ಆಸಿ."

"ಬರ್ತೀನಿ. ಎಷ್ಟಾತು?"

"ಮುನ್ನೂರಾ ಐವತ್ರೀ. ಒಂದೀಟು ಬಿಲ್ ನೋಡ್ರಿ, ಯಾವ್ದು ಯಾಕ ಅಂತ ಹೇಳ್ತೀನಿ."

ಬೆಂಚಿನ ಮೇಲೆ ಅವತ್ತೂ ಇಬ್ಬರಿದ್ದರು. ಮರಿಬಸಪ್ಪನವರು ಲಕೋಟೆಯನ್ನು ಬಿಚ್ಚದೆ ಕಿಸೆಗೆ ಹಾಕಿ, ನೋಟು ಎಣಿಸಿ ಕೊಟ್ಟು ಹೊರಟರು. ಮುನ್ನೂರಾ ಐವತ್ತು ರೂಪಾಯಿಗೆ ಆಗ ಒಂದು ಆಕಳು ಬರುತ್ತಿತ್ತು.

ಮನೆಯಲ್ಲಿ ಲಕೋಟೆ ಬಿಚ್ಚಿದವರು ಅವರ ಹೆಂಡತಿ ಚನ್ನವೀರಮ್ಮ. ವೆಂಕಣ್ಣ ಚಹಾಕ್ಕೆ ಬಂದಿದ್ದ.

"ಶೂ ನಾಕು ಜೊತಿ, ನೂರಾ ಹನ್ನೆರಡು," ಎಂದು ಚನ್ನವೀರಮ್ಮ ಓದಿದರು. "ಯಾರಿಗ್ರೀ ಶೂ?"

"ಯಾವ ಶೂ?"

"ಇಲ್ಲಿ ಬರದಾನಲ್ರೀ. ಬೆಲ್ಟು ಒಂದು, ಹದಿನೆಂಟು. ಬುಷ್ ಆರು, ನಲವತ್ತೆರಡು. ಟೈ ಎರಡು, ಐವತ್ತಾರು. ಎಣ್ಣಿ, ಐವತ್ತೆರಡು. ಮಜೂರಿ, ಎಪ್ಪತ್ತು. ಹಾರನ್ನು..." ಅವರು ಕಾಗದ ತಿರುಗಿಸಿದರು. "ಹಾರನ್ನಿಗೆ ಏನೂ ಬರದಿಲ್ಲ."

ವೆಂಕಣ್ಣ ಚಹಾದ ಬಟ್ಟಲು ಕೆಳಗಿಟ್ಟು ಲಗ್ನಪತ್ರಿಕೆಯನ್ನು ಕೈಗೆ ತೆಗೆದುಕೊಂಡ. ಹುಲುಗಪ್ಪನ ಹಿರಿಯ ಮಗ ಚಿರಂಜೀವಿ ಎರ್ರೆಪ್ಪ, ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟು. ಅವನಿಗೂ ಕುರುಗೋಡಿನ ಮೂಕಪ್ಪನ ಮಗಳು ಜಡೆಮ್ಮನಿಗೂ ಬರುವ ಸೋಮವಾರ ಮದುವೆ. ವೆಂಕಣ್ಣ ಒಂದು ಕಣ್ಣಿನಿಂದ ಬಿಲ್ಲನ್ನೂ ಇನ್ನೊಂದರಿಂದ ಪತ್ರಿಕೆಯನ್ನೂ ನೋಡಿದ.

"ಮರಿಬಸಣ್ಣ, ನಿನಗ ತಿಳೀಲಿಲ್ಲೇನು? ಮದುಮಗಗ ಶೂ. ಮದುಮಗಗ ಬೆಲ್ಟು, ಟೈ. ಬುಷ್ ಅಂದ್ರ ಬುಷ್ ಶರ್ಟು, ತಮ್ಮಂದಿರಿಗೆ. ಎಣ್ಣಿ ಅಡಿಗಿಗೆ. ಮಜೂರಿ ಅಂದ್ರ ದರ್ಜಿ ಮಜೂರಿ! ನಿನ್ನ ರೊಕ್ಕದಾಗ ಮಗನ ಮದುವಿ ಮಾಡಾಕತ್ತಾನ!"

ಮರಿಬಸಪ್ಪನವರು ಬಿಲ್ಲು ಕಿತ್ತುಕೊಂಡು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದರು.

"ಕಳುವು ಮಾಡಾವ ಚೀಟಿ ಬರದು ಕೈಯಾಗ ಕೊಡ್ತಾನೇನು?" ಎಂದರು ಚನ್ನವೀರಮ್ಮ. "ಏನೋ ಕಾರಿನ ಸಾಮಾನ ಇರಬೇಕು. ನಾಳಿ ಹೋಗಿ ಕೇಳ್ರಿ."

"ಹೆಂಗ ಕೇಳ್ಲಿ? ಖರ್ಚು ಕೇಳೋ ಮಂದಿ ಅಲ್ಲ ಅಂತ ಹೇಳಿ ಬಂದೀನಿ!"

ಕೇಳದೆ ತಿಳಿದುಕೊಳ್ಳುವ ದಾರಿ ಹುಡುಕುತ್ತ ಮರುದಿನ ಅವರು ಊರಿನಲ್ಲಿ ಕಾರು, ಜೀಪು ಇದ್ದವರನ್ನೆಲ್ಲ ಕಂಡು, ಯಾವುದೋ ಮಾತಿನ ನಡುವೆ ಬಂದ ಹಾಗೆ ಸರ್ವೀಸಿನ ದರ ವಿಚಾರಿಸಿದರು. ಡಾಕ್ಟರು ಎಂಬತ್ತು ಎಂದರು. ತೆಕ್ಕಲಕೋಟೆಯಿಂದ ಬಂದಿದ್ದ ಜೀಪಿನವನು ಮೂವತ್ತೈದು ಎಂದ. ಅಕ್ಕಿ ಗಿರಣಿಯ ಧಣಿ "ನನಗ ಆರನೂರು ಆತು, ಅಗ್ಗದಾಗ ಮುಗೀತು" ಎಂದರು. ಮರಿಬಸಪ್ಪನವರು ಆರುನೂರನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ದೊಡ್ಡವರ ಮಾತು ಬೇರೆ. ಎಂಬತ್ತನ್ನೂ ಬಿಟ್ಟರು. ಮೂವತ್ತೈದೇ ಸತ್ಯವೆಂದು ಅವರಿಗೆ ಖಾತ್ರಿಯಾಯಿತು, ಯಾಕೆಂದರೆ ಹೊಟ್ಟೆ ಉರಿಯಲು ಅದೇ ಹೆಚ್ಚು ಅನುಕೂಲವಾಗಿತ್ತು.

ಅಲ್ಲಿಂದ ವೆಂಕಣ್ಣ ಅವರನ್ನು ಪೊಲೀಸು ಠಾಣೆಗೆ ಎಳೆದುಕೊಂಡು ಹೋದ. ದಫೇದಾರರು ಬಿಲ್ಲನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

"ಶೂ, ಬೆಲ್ಟು. ಇದು ನಮ್ಮ ಡಿಪಾರ್ಟ್‌ಮೆಂಟಿನ ಡ್ರೆಸ್ ಇದ್ದಂಗ ಐತಲ್ರೀ. ನಮಗ ಎರಡು ವರ್ಷದಿಂದ ಬಂದಿಲ್ಲ."

"ಕಂಪ್ಲೇಂಟ್ ಬರಕಳ್ರಿ," ಎಂದ ವೆಂಕಣ್ಣ.

"ಬರೀತೀನಿ. ಶೂ ಯಾರ ಕಾಲಾಗ ಐತಿ, ನೋಡೀರೇನು? ಇಲ್ಲ. ಹಂಗ ಆಗಂಗಿಲ್ಲ. ಮಾಲು ಮೈಮ್ಯಾಲ ಇದ್ದಾಗ ನೋಡಿ ಬರ್ರಿ."

ಹೀಗೆ ಮರಿಬಸಪ್ಪನವರು ಸೋಮವಾರ ಬೆಳಿಗ್ಗೆ, ಹೆಂಡತಿ, ಅವರು ಆಹೇರಿಯ ಉಡುಗೊರೆಗೆಂದು ಗಂಟು ಕಟ್ಟಿದ ಒಂದು ಸೀರೆ, ಕುಪ್ಪಸದ ಕಣ ಮತ್ತು ಸಾಕ್ಷಿಗೆಂದು ವೆಂಕಣ್ಣ, ಇಷ್ಟನ್ನು ಕಾರಿನಲ್ಲಿ ಹಾಕಿಕೊಂಡು ಕುರುಗೋಡಿಗೆ ಹೊರಟರು. ತೆಕ್ಕಲಕೋಟೆಯಲ್ಲಿ ಬಸ್ಸೊಂದು ಅಡ್ಡ ಬಂತು. ಮರಿಬಸಪ್ಪನವರು ರೂಢಿಯ ಹಾಗೆ ಬ್ರೇಕಿನ ಮೇಲೆ ನಿಂತರು. ಕಾರು ಇದ್ದ ಜಾಗದಲ್ಲೇ ನಿಂತಿತು. ವೆಂಕಣ್ಣ ಮಾತ್ರ ಮುಂದಕ್ಕೆ ಹೋಗಿ ಗಾಜಿಗೆ ಹಣೆ ಬಡಿಸಿಕೊಂಡ.

"ನೋಡಿದೇನು?" ಎಂದರು ಮರಿಬಸಪ್ಪನವರು ಸಂಕಟದಿಂದ. "ಸರ್ವೀಸ್ ಆದಾಗಿಂದ ಹಿಂಗ. ಮೊದ್ಲು ಎಷ್ಟು ಮೆತ್ತಗ ನಿಲ್ತಿತ್ತು. ಇದ್ದದ್ದನ್ನೂ ಕೆಡಿಸಿಟ್ಟಾನ."

ಮದುವೆಯ ಚಪ್ಪರದಲ್ಲಿ ಹುಲುಗಪ್ಪ ಅವರನ್ನು ಕಂಡವನೇ ಓಡಿ ಬಂದ. "ಸಾವ್ಕಾರ್ರು ಬಂದ್ರು, ಕುರ್ಚಿ ತರ್ರಿ!" ಎಂದು ಕೂಗಿದ. ಇಡೀ ಚಪ್ಪರದಲ್ಲಿ ಇದ್ದದ್ದು ಮೂರೇ ಕುರ್ಚಿ. ಅದರಲ್ಲೊಂದನ್ನು ತನ್ನ ಸ್ವಂತ ಟವೆಲ್ಲಿನಿಂದ ಒರೆಸಿ ಕೊಟ್ಟ. ತಾನೇ ಕೈಯಾರೆ ಪಾನಕ ತಂದ. "ನಿಮ್ಮಂಥ ದೊಡ್ಡವರು ಬಡವನ ಮನಿಗೆ ಬಂದ್ರಲ್ಲ" ಎನ್ನುವಾಗ ಅವನ ಕಣ್ಣು ಒದ್ದೆಯಾಗಿತ್ತು. ಮರಿಬಸಪ್ಪನವರು ಮೊದಲೇ ಮೆತ್ತನೆಯ ಮನುಷ್ಯ. ಹೋದರೆ ಹೋಗಲಿ, ಒಂದು ಮದುವೆಗೆ ನಾಲ್ಕು ಜೊತೆ ಶೂ ಕೊಟ್ಟೆ ಎಂದುಕೊಂಡರಾಯಿತು ಎಂಬ ವಿಚಾರವೂ ಅವರಿಗೆ ಬಂತು.

ಅಷ್ಟರಲ್ಲಿ ವಾಲಗದೊಂದಿಗೆ ಮದುಮಗನ ದಿಬ್ಬಣ ಬಂತು. ಎರ್ರೆಪ್ಪನ ಕಾಲಲ್ಲಿ ಮುಖ ಕಾಣುವಂಥ ಹೊಸ ಶೂ. ಸೊಂಟದಲ್ಲಿ ಹೊಸ ಬೆಲ್ಟು. ಕೊರಳಲ್ಲಿ ಕೆಂಪು ಟೈ. ಹಿಂದೆ ಅವನ ತಮ್ಮಂದಿರು, ಚಿಕ್ಕಪ್ಪನ ಮಕ್ಕಳು, ಒಂದೇ ತಾನಿನ ಬಟ್ಟೆಯಲ್ಲಿ ಹೊಲಿಸಿದ ಹೂವಿನ ಬುಷ್ ಶರ್ಟಿನಲ್ಲಿ.

ವೆಂಕಣ್ಣ ಬೆರಳು ಮಡಿಸುತ್ತ ಎಣಿಸಿದ. "ನಾಕು, ಐದು... ಆರು! ಮರಿಬಸಣ್ಣ, ಸರಿಯಾಗಿ ಆರು!"

ಮದುಮಗ ಶೂ ಕಳಚಿ ಚಪ್ಪರದೊಳಗೆ ಹೋಗಿ, ಎಲ್ಲರೂ ಒಳಗೆ ತಿರುಗಿದ ಮೇಲೆ ಮರಿಬಸಪ್ಪನವರು ಮೆಲ್ಲಗೆ ಎದ್ದು ಚಪ್ಪಲಿಗಳ ರಾಶಿಯ ಹತ್ತಿರ ಹೋದರು. ಮದುಮಗನ ಒಂದು ಶೂ ಎತ್ತಿ ತಿರುವಿ ನೋಡಿದರು. ಅಂಗಡಿಯವನು ಅಟ್ಟೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಿದ್ದ ದರ ನಡುವಿನ ತಗ್ಗಿನಲ್ಲಿ ಇನ್ನೂ ಅಳಿಸಿರಲಿಲ್ಲ: ಇಪ್ಪತ್ತೆಂಟು.

"ನಾಕು ಇಪ್ಪತ್ತೆಂಟ್ಲೆ," ಎಂದು ಲೆಕ್ಕ ಹಾಕಿದರು ಮರಿಬಸಪ್ಪನವರು, "ನೂರಾ ಹನ್ನೆರಡು."

ಅದೇ ಕ್ಷಣಕ್ಕೆ ಮದುಮಗಳ ಅಜ್ಜಿ ಉಚ್ಚೆಂಗೆಮ್ಮ ಆರತಿಯ ತಟ್ಟೆ ಹಿಡಿದು ಹೊರಗೆ ಬಂದಳು. ಹುಟ್ಟಿದ್ದು ಆಂಧ್ರದ ಕಡೆ. ಗಾಬರಿಯಾದರೆ ತವರಿನ ಮಾತೇ ಬರುತ್ತಿತ್ತು.

"ದೊಂಗ! ದೊಂಗ!" ಎಂದು ಚೀರಿದಳು. "ಕಳ್ಳ, ಮದುಮಗನ ಶೂ ಕದಿಯಾಕತ್ತಾನ!"

ಚಪ್ಪರವೆಲ್ಲ ಹೊರಗೆ ಬಂತು. ಮುಂದೆ ಮದುಮಗಳ ತಂದೆ. ಅವನ ಹೆಸರು ಮೂಕಪ್ಪ. ಹುಟ್ಟಿದಾಗ ಯಾಕೆ ಆ ಹೆಸರಿಟ್ಟರೋ, ಅವನು ಕುರುಗೋಡಿನಲ್ಲಿ ಕೆಮ್ಮಿದರೆ ಬಾದನಹಟ್ಟಿಯಲ್ಲಿ ನಾಯಿ ಏಳುತ್ತಿದ್ದವು.

"ಯಾವನಲೇ ಅವನು?"

ರೇಷ್ಮೆಯ ಶಲ್ಯ ಹೊದ್ದು, ವಿಭೂತಿ ಧರಿಸಿ, ಕೈಯಲ್ಲಿ ಪರರ ಶೂ ಹಿಡಿದು ನಿಂತ ಮರಿಬಸಪ್ಪನವರಿಗೆ ಮರ್ಯಾದೆ ಉಳಿಸಿಕೊಳ್ಳಲು ಒಂದೇ ದಾರಿ ಕಂಡಿತು.

"ನಾ ಕಳ್ಳ ಅಲ್ಲ! ಈ ಶೂ ನಂದು! ರೊಕ್ಕ ಕೊಟ್ಟಾವ ನಾನು!"

"ಬೆಲ್ಟೂ ಇವರದ," ಎಂದ ವೆಂಕಣ್ಣ ಮುಂದೆ ಬಂದು. "ಟೈ ಇವರದ. ಆರು ಬುಷ್ ಶರ್ಟು ಇವರವ. ಎಣ್ಣಿ ಸೈತ!"

ಹಿಂದಿನ ಪಂಕ್ತಿಯಲ್ಲಿ ಪೂರಿ ಬಾಯಿಗೆ ಒಯ್ಯುತ್ತಿದ್ದವರ ಕೈ ಅಲ್ಲೇ ನಿಂತಿತು. ವಾಲಗ ನಿಂತಿತು.

ಮೂಕಪ್ಪ ಹುಲುಗಪ್ಪನ ಕಡೆ ತಿರುಗಿದ. ಈಗ ಅವನ ದನಿ ಸಣ್ಣದಾಗಿತ್ತು, ಅದೇ ಹೆಚ್ಚು ಹೆದರಿಕೆ ಹುಟ್ಟಿಸುವ ಹಾಗಿತ್ತು. "ಬೀಗ್ರ, ಏನಿದು? ಮಂದಿ ರೊಕ್ಕ ಹೊಡದು ಮಗನಿಗೆ ಬಟ್ಟಿ ಹಾಕ್ಕಂಡು ಬಂದೀರೇನು? ಹಂಗಿದ್ರ ಹೇಳಿಬಿಡ್ರಿ. ತಾಳಿ ಇನ್ನೂ ತಟ್ಯಾಗ ಐತಿ."

ಹುಲುಗಪ್ಪ ಮೂವತ್ತು ವರ್ಷ ಗ್ಯಾರೇಜು ನಡೆಸಿದವನು. ಒಂದು ನಟ್ಟು ಹೆಚ್ಚು ಬರೆದವನಲ್ಲ. ಅವನು ಕೂಗಾಡಲಿಲ್ಲ. ಮರಿಬಸಪ್ಪನವರ ಹತ್ತಿರ ಬಂದು ಕೈ ಚಾಚಿದ. "ಬಿಲ್ ಐತೇನ್ರಿ?"

ಮರಿಬಸಪ್ಪನವರು ಕೊಟ್ಟರು. ಹುಲುಗಪ್ಪ ಓದಿದ. ಮತ್ತೆ ಓದಿದ.

"ಡಿಕ್ಕಿ ಬೀಗದ ಕೈ ಕೊಡ್ರಿ."

ಡಿಕ್ಕಿಯಲ್ಲಿ ಒಂದು ಗೋಣಿಚೀಲವಿತ್ತು. ಹಳೆಯ ಸಾಮಾನು ಮಾಲೀಕನಿಗೇ ಒಪ್ಪಿಸುವುದು ಹುಲುಗಪ್ಪನ ಗ್ಯಾರೇಜಿನ ಪದ್ಧತಿ. ಮರಿಬಸಪ್ಪನವರು ಡಿಕ್ಕಿ ತೆರೆದೇ ನೋಡಿರಲಿಲ್ಲ. ಹುಲುಗಪ್ಪ ಚೀಲವನ್ನು ಚಪ್ಪರದ ಮುಂದೆ ತಂದು ಸುರಿದ. ಬಾಗಿದ ಕಬ್ಬಿಣದ ಎರಡು ತುಂಡು ಕೈಗೆತ್ತಿಕೊಂಡ.

"ಇದು ಶೂ. ಬ್ರೇಕಿನ ಶೂ. ಗಾಲಿಗೊಂದು ಜೊತಿ, ನಾಕು ಗಾಲಿಗೆ ನಾಕು ಜೊತಿ. ಬ್ರೇಕ್ ಒತ್ತಿದ್ರ ಇದು ಗಾಲಿ ಒಳಗ ಅಮುಕಿ ಹಿಡಿಬೇಕು. ಹಿಡಿಯಾಕ ಮ್ಯಾಲೊಂದು ಪಟ್ಟಿ ಇರ್ತೈತಿ. ನೋಡ್ರಿ, ಐತೇನು?"

ಪಟ್ಟಿ ಇರಲಿಲ್ಲ. ಸವೆದ ತಲೆಯ ರಿವೆಟ್ಟುಗಳಷ್ಟೇ ಮಿನುಗುತ್ತಿದ್ದವು.

ಉಚ್ಚೆಂಗೆಮ್ಮ ಒಂದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿ, "ಇದನ್ನ ಯಾರ ಕಾಲಿಗೆ ಹಾಕ್ತಾರಪ?" ಎಂದಳು.

"ಇದು ಬೆಲ್ಟು. ಇಂಜಿನ್ ಮುಂದಿನ ಫ್ಯಾನು ತಿರುಗ್ಸೋದು, ನಾಕು ಕಡಿ ಸೀಳೈತಿ. ಈ ರಬ್ಬರಿನ ಬಳಿ ಅದಾವಲ್ಲ, ಇವು ಬುಷ್. ಇದು ಟೈ ರಾಡಿನ ತುದಿ. ಸ್ಟೇರಿಂಗ್ ತಿರುವಿದ್ರ ಗಾಲಿ ತಿರುಗಬೇಕಾದ್ರ ಇದು ಗಟ್ಟಿ ಇರಬೇಕು. ಎಣ್ಣಿ ಇಂಜಿನ್ನಿಗೆ. ಹಳೇದು ಹೊರಗ ಬರವಲ್ದು, ಕಾಕಂಬಿ ಆಗಿತ್ತು. ಮಜೂರಿ ನನಗ, ಇನ್ನೊಬ್ಬ ಫಿಟ್ಟರಿಗೆ, ಮೂರು ದಿನದ್ದು. ಹಾರನ್ನಿನ ವೈರು ಕಿತ್ತಿತ್ತು, ಕಟ್ಟಿದೆ. ಅದಕ್ಕೇನು ರೊಕ್ಕ ತಗಳ್ಲಿ?"

ಮರಿಬಸಪ್ಪನವರು ಸುರಿದ ಸಾಮಾನನ್ನು ಬಗ್ಗಿ ನೋಡಿದರು. ಆದರೂ ಒಂದು ಕೊನೆಯ ಸಂಶಯ ಹೊರಗೆ ಬಂತು. "ತೆಕ್ಕಲಕೋಟಿ ಜೀಪಿಗೆ ಮೂವತ್ತೈದು ಆತಂತ..."

"ಮೂವತ್ತೈದಕ್ಕ ತೊಳದು ಗ್ರೀಸ್ ಹಾಕಿ ಕಳಸ್ತೀನಿ, ನಾಳಿ ಬರ್ರಿ. ನಿಮ್ಮೂರ ಡಾಕ್ಟ್ರೂ ನನ್ನ ಕಡೆನ ಮೂರು ತಿಂಗಳಿಗೊಮ್ಮಿ ತಪ್ಪದ ಬರ್ತಾರ, ಅವರಿಗೆ ಎಂಬತ್ತರಾಗ ಮುಗೀತೈತಿ. ದಿನಾ ಹಲ್ಲು ತಿಕ್ಕಾವಗೂ ಐದು ವರ್ಷ ತಿಕ್ಕದಾವಗೂ ಹಲ್ಲಿನ ಡಾಕ್ಟ್ರು ಒಂದ ರೇಟು ಹೇಳ್ತಾನೇನ್ರಿ? ಅರವತ್ತು ರೂಪಾಯಿಗೂ ಶೂ ಸಿಗ್ತಾವು. ಮಳಿಗಾಲ ಬರೋದ್ರಾಗ ಹಿಂಗ ಆಗ್ತಾವು. ನಿಮ್ಮ ಗಾಡ್ಯಾಗ ನಿಮ್ಮ ಮನಿಯವ್ರು, ತಂಗೆವ್ವಾರು ಕುಂದರ್ತಾರಂತ ಚಲೋವು ತರಿಸಿ ಹಾಕಿದೆ." ಹುಲುಗಪ್ಪ ಪಟ್ಟಿಯಿಲ್ಲದ ಶೂವನ್ನು ಮತ್ತೆ ಎತ್ತಿ ಹಿಡಿದ. "ಎಂಟು ತಿಂಗಳು ಈ ಶೂದ ಮ್ಯಾಲೆ ಗಾಡಿ ಹೊಡದೀರಿ ಸಾವ್ಕಾರ್ರ. ಬ್ರೇಕ ಇರಲಿಲ್ಲ ಅದಕ್ಕ. ನಿಮ್ಮ ಪುಣ್ಯ ದೊಡ್ಡದು."

ಈ ಮಾತು ಪೂರ್ತಿಯಾಗಿ ಅರ್ಥವಾದದ್ದು ವೆಂಕಣ್ಣನಿಗೆ. ಎಂಟು ತಿಂಗಳು ಮುಂದಿನ ಸೀಟಿನಲ್ಲಿ ಕುಳಿತಿದ್ದ ಆ ಮನುಷ್ಯ ಈಗ ಮೆಲ್ಲಗೆ ಚಪ್ಪಲಿಗಳ ರಾಶಿಯ ಮೇಲೆಯೇ ಕುಳಿತು ನೀರು ಕೇಳಿದ.

ಮರಿಬಸಪ್ಪನವರು ಕೈಯಲ್ಲಿದ್ದ ಶೂವನ್ನು ಶಲ್ಯದ ಸೆರಗಿನಿಂದ ಒರೆಸಿ ಅದರ ಜೋಡಿಯ ಪಕ್ಕದಲ್ಲಿಟ್ಟರು. ಅಂಗಡಿಯಲ್ಲಿ, ಸಂತೆಯಲ್ಲಿ, ಎಲ್ಲಿಯೂ ಸೋಲದ ದನಿ ಈಗ ಸೋತಿತ್ತು.

"ಮೇಸ್ತ್ರಿ, ತಪ್ಪಾತು. ನನಗ ಬಿಲ್ ತಿಳೀಲಿಲ್ಲ. ಕೇಳಾಕ ನಾಚಿಕಿ ಆತು. ಅಷ್ಟ ಆಗಿದ್ದು."

"ನಂದೂ ತಪ್ಪೈತ್ರಿ," ಎಂದ ಹುಲುಗಪ್ಪ ತಲೆ ತಗ್ಗಿಸಿ. "ಮದುವಿ ಗಡಿಬಿಡ್ಯಾಗ ಬ್ರೇಕ್ ಅನ್ನೋದು ಬರೀಲಿಲ್ಲ."

ಆದರೆ ಮೂಕಪ್ಪ ಇನ್ನೂ ಮೀಸೆ ಕಡಿಯುತ್ತ ನಿಂತಿದ್ದ. ಇಷ್ಟು ಮಂದಿಯ ಮುಂದೆ ಬೀಗರನ್ನು ಕಳ್ಳನೆಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಅವನಿಗೂ ತಿಳಿಯದು. ಮೂವತ್ತೈದು ರೂಪಾಯಿಯ ಮೇಸ್ತ್ರಿಯೂ ಒಬ್ಬನಿರಬಹುದೆಂಬ ಅನುಮಾನವೂ ಪೂರ್ತಿ ಹೋಗಿರಲಿಲ್ಲ. ಆಗ ಒಳಗಿನಿಂದ ಬಾಸಿಂಗ ಕಟ್ಟಿಕೊಂಡ ಮದುಮಗಳು ಜಡೆಮ್ಮನೇ ಮಾತನಾಡಿದಳು.

"ಯಪ್ಪಾ, ಬಿಚ್ಚಿದ ಸಾಮಾನ ಸೈತ ಲೆಕ್ಕ ಮಾಡಿ ಚೀಲದಾಗ ಹಾಕಿ ಕೊಟ್ಟಾರ. ಇಂಥಾ ಮನಿ ಎಲ್ಲಿ ಹುಡುಕ್ತೀ? ನನಗ ಒಪ್ಪಿಗಿ ಐತಿ. ಮುಹೂರ್ತ ಹೊಂಟೈತಿ, ಬರ್ರಿ ಎಲ್ಲಾರೂ."

ವಾಲಗದವರು ಯಾರ ಅಪ್ಪಣೆಗೂ ಕಾಯದೆ ಊದಲು ಸುರು ಮಾಡಿದರು. ಪೂರಿಗಳು ಬಾಯಿ ತಲುಪಿದವು. ಅಕ್ಷತೆ ಹಾಕುವಾಗ ಮರಿಬಸಪ್ಪನವರು ಎಲ್ಲರಿಗಿಂತ ಹೆಚ್ಚು ಹಾಕಿದರು. ಚನ್ನವೀರಮ್ಮ ಸೀರೆಯ ಮೇಲೆ ತಮ್ಮ ಕೈಯಿಂದ ಐವತ್ತೊಂದು ರೂಪಾಯಿ ಇಟ್ಟು ಗಂಡನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಏನಿತ್ತೆಂಬುದು ಮದುವೆಯಾದ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊಟ ಮುಗಿದ ಮೇಲೆ ಮದುಮಕ್ಕಳನ್ನು ಬಳ್ಳಾರಿಗೆ ಕರೆದೊಯ್ಯುವ ಹೊತ್ತಾಯಿತು. ಹುಲುಗಪ್ಪ ಲಾರಿಯೊಂದನ್ನು ಗೊತ್ತು ಮಾಡಲು ಹೊರಟಿದ್ದ. ಮರಿಬಸಪ್ಪನವರು ಅವನ ದಾರಿಗೆ ಅಡ್ಡ ನಿಂತರು. "ನನ್ನ ಗಾಡಿ ಐತಿ" ಎಂದರು. ಹೆಚ್ಚು ಹೇಳಲು ಅವರಿಗೆ ಧೈರ್ಯವಿರಲಿಲ್ಲ. ಹುಲುಗಪ್ಪ ಅವರನ್ನು ಒಮ್ಮೆ ನೋಡಿ ಹೋಗಿ, ಕಾರಿನ ಬಾನೆಟ್ಟಿಗೆ ಸೇವಂತಿಗೆಯ ಹಾರ ಕಟ್ಟಿದ. ವೆಂಕಣ್ಣ ಬಸ್ಸಿನಲ್ಲಿ ಬರುತ್ತೇನೆಂದ.

ಹಿಂದೆ ಮದುಮಕ್ಕಳು ಮತ್ತು ಅಜ್ಜಿ, ಮುಂದೆ ಚನ್ನವೀರಮ್ಮ. ಕುರುಗೋಡು ದಾಟಿ ನಾಲ್ಕು ಮೈಲಿ ಬಂದಿದ್ದರು. ದಾರಿಯ ಎರಡೂ ಕಡೆ ಹತ್ತಿಯ ಹೊಲ, ರಸ್ತೆ ಖಾಲಿ. ಮರಿಬಸಪ್ಪನವರ ಮನಸ್ಸು ಹಗುರಾಗಿ ಕಾಲು ಸ್ವಲ್ಪ ಭಾರವಾಗಿತ್ತು. ಬೇಲಿಯ ತಿರುವಿನಲ್ಲಿ ಥಟ್ಟನೆ ಒಂದು ಮುದುಕಿ ಹದಿನೈದಿಪ್ಪತ್ತು ಆಡುಗಳೊಂದಿಗೆ ರಸ್ತೆಯ ನಡುವಿಗೆ ಬಂದುಬಿಟ್ಟಳು.

ಮರಿಬಸಪ್ಪನವರು ಹಾರನ್ನಿಗೆ ಕೈ ಹಾಕಲಿಲ್ಲ. ಬ್ರೇಕು ಒತ್ತಿದರು. ನಾಲ್ಕೂ ಗಾಲಿ ಕಿರುಚಿದವು. ಧೂಳು ಎದ್ದು ಏನೂ ಕಾಣದಾಯಿತು. ಧೂಳು ಇಳಿದಾಗ ಮುದುಕಿಯೂ ಕಾರಿನ ಮೇಲಿನ ಸೇವಂತಿಗೆ ಹಾರವೂ ಒಂದು ಮೊಳದ ಅಂತರದಲ್ಲಿ ಎದುರುಬದುರಾಗಿದ್ದವು. ಒಂದು ಮರಿ ಆಗಲೇ ಹಾರ ತಿನ್ನಲು ಸುರು ಮಾಡಿತ್ತು.

ಕಾರಿನ ಹಿಂದಿನ ಸೀಟಿನಿಂದ ಜಡೆಮ್ಮ ಸಣ್ಣ ದನಿಯಲ್ಲಿ ಕೇಳಿದಳು. "ಮಾವಾರ, ಆ ಶೂಕ್ಕ ಎಷ್ಟಂದ್ರಿ?"

"ನೂರಾ ಹನ್ನೆರಡವ್ವ."

"ಅಗ್ಗ ಆತು ಬಿಡ್ರಿ."

ಮುದುಕಿಗೆ ಈಗ ದನಿ ಬಂದಿತ್ತು. ಕೋಲೆತ್ತಿ ಬಾನೆಟ್ಟಿನ ಮೇಲೆ ಒಂದು ಬಾರಿಸಿದಳು. "ಕಣ್ಣಾಗ ಮಣ್ಣು ಬಿದ್ದೈತೇನಲೇ? ಕಾರು ಐತಂತ ಸೊಕ್ಕೇನು? ಯಾವೂರಾವಲೇ ನೀನು?"

ಮರಿಬಸಪ್ಪನವರು ಬಾಗಿಲು ತೆರೆದು ಇಳಿದರು. ಸಿರುಗುಪ್ಪದಲ್ಲಿ ಯಾರೂ ಅವರನ್ನು ಹೀಗೆ ಮಾತನಾಡಿಸಿದ್ದಿಲ್ಲ. ಅವರು ಆ ಬಿಸಿಲಿನಲ್ಲಿ ಮುದುಕಿಯ ಮುಂದೆ ನಿಂತು ಎರಡೂ ಕೈ ಜೋಡಿಸಿದರು.

"ಬೈಯವ್ವ," ಎಂದರು. "ಎಷ್ಟು ಬೇಕಷ್ಟು ಬೈ. ಬೈಯಾಕ ನೀನು ಇದ್ದೀಯಲ್ಲ, ನನಗಷ್ಟು ಸಾಕು."

ಅವಳು ಬೈದಳು. ಆಡುಗಳಿಂದ ಹಿಡಿದು ಅವರ ಮುತ್ತಜ್ಜನವರೆಗೆ ಬೈದಳು. ಕಡೆಯ ಆಡು ರಸ್ತೆ ದಾಟಿ ಹೊಲಕ್ಕಿಳಿಯುವವರೆಗೂ ಮರಿಬಸಪ್ಪನವರು ಕೈ ಮುಗಿದುಕೊಂಡೇ ನಿಂತಿದ್ದರು.